ಕೋಲಿಗೆ ಕಟ್ಟಿದ ಕೆಂಪು ಬಟ್ಟೆ

ದೂರದ ಸವಾರಿಯ ಸೈಕಲ್ ಸಂಘದಲ್ಲಿ ನಿಯಮಗಳು ಹೆಚ್ಚಿರಲಿಲ್ಲ. ಕೊಠಡಿಯ ಗೋಡೆಯ ಮೇಲೆ ಮೊದಲನೆಯದಾಗಿ ಹೀಗೆ ಬರೆದಿತ್ತು: 'ಮುಂದೆ ಹೋಗುವವನು ತಾನು ಕಂಡದ್ದನ್ನು ಹಿಂದೆ ಬರುವವನಿಗೆ ತೋರಿಸತಕ್ಕದ್ದು.' ಬರೆದವರು ಮೇಷ್ಟ್ರು. ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ ಅವರು, ಕಪ್ಪುಹಲಗೆಯ ಮೇಲೆ ಬರೆಯುವ ದುಂಡಗಿನ ಅಕ್ಷರಗಳಲ್ಲಿಯೇ ಅದನ್ನು ಬರೆದು, 'ತಕ್ಕದ್ದು' ಎಂಬುದರ ಕೆಳಗೆ ಗೆರೆಯನ್ನೂ ಎಳೆದಿದ್ದರು.

ಗೆರೆಗೆ ಕಾರಣವಿತ್ತು. ಎದುರುಗಾಳಿಯಲ್ಲಿ ಒಬ್ಬರ ಹಿಂದೆ ಒಬ್ಬರು, ಗಾಲಿಗೆ ಗಾಲಿ ತಾಗಿತೇನೋ ಎಂಬಷ್ಟು ಹತ್ತಿರ ಸಾಗಿದರೆ ಹಿಂದಿನವರ ಶ್ರಮ ಬಹಳ ಕಡಿಮೆಯಾಗುತ್ತದೆ. ಆದರೆ ಹಾಗೆ ಸಾಗುವವರಿಗೆ ರಸ್ತೆ ಕಾಣುವುದಿಲ್ಲ. ಕಾಣುವುದು ಮುಂದಿನವರ ಬೆನ್ನು, ಸೀಟಿನ ಕೆಳಗಿನ ಪುಟ್ಟ ಕೆಂಪು ದೀಪ, ಅಷ್ಟೆ. ಗುಂಡಿ ಬಂದರೆ ಮುಂದಿನವರು ಆ ಬದಿಯ ಕೈಯನ್ನು ಕೆಳಗಿಳಿಸಿ ಬೆರಳು ತೋರಿಸಬೇಕು. ಜಲ್ಲಿ ಇದ್ದರೆ ಅಂಗೈ ಅಲ್ಲಾಡಿಸಬೇಕು. ಕೈ ಇಳಿಯದಿದ್ದರೆ ರಸ್ತೆ ಸರಿಯಾಗಿದೆ ಎಂದೇ ಅರ್ಥ. ಇನ್ನೊಬ್ಬರ ಕಣ್ಣನ್ನು ತನ್ನದೆಂದು ನಂಬಿ ನೂರಾರು ಕಿಲೋಮೀಟರ್ ತುಳಿಯುವುದು ಸಣ್ಣ ಮಾತಲ್ಲ.

ಮೇಷ್ಟ್ರ ತಂಗಿ ಹನ್ನೊಂದು ಚಳಿಗಾಲ ಹಾಗೆ ತುಳಿದಿದ್ದಳು. ಔಷಧದಂಗಡಿಯಲ್ಲಿ ಕೆಲಸ ಮಾಡುವ ಆಕೆ, ಮದುವೆಯಾಗದ ಅಣ್ಣನ ಮನೆಯಲ್ಲಿಯೇ ಇದ್ದಳು. ಗಾಳಿಗೆ ಎದೆಯೊಡ್ಡಿ ಒಂದೇ ವೇಗದಲ್ಲಿ ಹೋಗುವ ಮೇಷ್ಟ್ರಿಗೆ ಸಂಘದವರು 'ಗೋಡೆ' ಎಂದು ಹೆಸರಿಟ್ಟಿದ್ದರು, ಅವಳಿಗೆ 'ಬಾಲ' ಎಂದು. "ಗೋಡೆಗೆ ಬಾಲ ಇರೋದನ್ನ ನಮ್ಮೂರಲ್ಲೇ ನೋಡ್ಬೇಕು" ಎಂದು ಕಾರ್ಯದರ್ಶಿ ಹೊಸಬರಿಗೆಲ್ಲ ಹೇಳಿ ನಗುತ್ತಿದ್ದ.

ಚಳಿ ಕಳೆದ ಮೇಲೆ ಆರುನೂರು ಕಿಲೋಮೀಟರಿನ ಸವಾರಿ. ಅದಕ್ಕೆ ಕಾಲು ಪಳಗಿಸುವುದು ಚಳಿಗಾಲದಲ್ಲಿಯೇ. ಆ ಚಳಿಗಾಲದ ಮೊದಲ ತಿಂಗಳ ಒಂದು ಭಾನುವಾರ, ಅರವತ್ತನೆಯ ಕಿಲೋಮೀಟರಿನಲ್ಲಿ, ಟೀ ಅಂಗಡಿಯ ಮುಂದೆ ಐದಾರು ಜನ ಕೈ ಬೆಚ್ಚಗೆ ಮಾಡಿಕೊಳ್ಳುತ್ತ ನಿಂತಿದ್ದರು.

"ಈ ಸಲ ಬಾಲಾನೇ ಮುಂದೆ ಹಾಕೋಣ ಮೇಷ್ಟ್ರೇ" ಎಂದ ಕಾರ್ಯದರ್ಶಿ. "ನಿಮ್ಮ ಹಿಂದೆ ಬಂದ್ರೆ ಮುಂದಿನ ಚಳಿಗಾಲಕ್ಕೆ ತಲುಪ್ತೀವಿ."

"ಪಾಪ, ಹಾಗನ್ಬೇಡಿ" ಎಂದಳು ತಂಗಿ. "ನಮ್ಮಣ್ಣನ ಹಿಂದೆ ಒಂದು ಅನುಕೂಲ ಇದೆ. ನಿದ್ದೆ ಚೆನ್ನಾಗಿ ಬರುತ್ತೆ."

ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು, ಹಲ್ಲಿನಿಂದ ಮಾತ್ರ.

ವಾಪಸು ಬರುವಾಗ ಅಣ್ಣ ತಂಗಿ ಇಬ್ಬರೇ ಮುಂದಾದರು. ಮಂಜು ಕವಿದಿತ್ತು. ರಸ್ತೆಯ ಎಡಕ್ಕೆ ಒಂದು ಕೋಲು, ಅದರ ತುದಿಯಲ್ಲಿ ಒಂದು ಕೆಂಪು ಬಟ್ಟೆ ಮೇಷ್ಟ್ರಿಗೆ ಕಂಡಿತು. ಅದರ ಬುಡದಲ್ಲಿ ರಸ್ತೆ ಅಗೆದಿತ್ತು. ಅವರು ಬಲಕ್ಕೆ ಸರಿದರು. ಕೈ ಮಾತ್ರ ಹ್ಯಾಂಡಲ್ ಬಿಡಲಿಲ್ಲ. ಮರೆತದ್ದಲ್ಲ; ಮರೆತಿದ್ದರೆ ಈ ಕಥೆಯನ್ನು ಹೇಳುವ ಅಗತ್ಯವಿರಲಿಲ್ಲ. ನಿದ್ದೆ ಬರುತ್ತದಲ್ಲ, ಒಂದು ಕುಲುಕಿಗೆ ಎಚ್ಚರವಾಗಲಿ ಎಂದು ಅವರ ಮನಸ್ಸು ಹೇಳಿತು, ಕೈ ಕೇಳಿತು. ಗೇಣುದ್ದದ ತಗ್ಗು ಎಂದುಕೊಂಡಿದ್ದರು. ಅದು ನೀರಿನ ಕೊಳವೆಗಾಗಿ ಅಗೆದ, ಸೊಂಟದಷ್ಟು ಆಳದ ಕಾಲುವೆ.

ಶಬ್ದ ಕೇಳಿ ತಿರುಗಿದಾಗ ಹಿಂದೆ ಯಾರೂ ಇರಲಿಲ್ಲ.

ಕಾಲುವೆಯೊಳಗೆ ಅವಳು ಕಣ್ಣು ಮುಚ್ಚಿ ಬಿದ್ದಿದ್ದಳು. ಮಂಡಿಯಿಂದ ರಕ್ತ ಸುರಿಯುತ್ತಿತ್ತು. ಕಟ್ಟಲು ಏನೂ ಸಿಗದೆ ಮೇಷ್ಟ್ರು ಕೋಲನ್ನು ಕಿತ್ತು ಬಟ್ಟೆ ಬಿಚ್ಚಲು ಹೋದರು. ಚಳಿಗೆ ಮರಗಟ್ಟಿದ ಬೆರಳುಗಳಿಗೆ ಗಂಟು ಬಗ್ಗಲಿಲ್ಲ. ಹಲ್ಲಿನಿಂದ ಎಳೆದು ಬಿಚ್ಚಿ, ಮಂಡಿಗೆ ಬಿಗಿದರು. ಕೋಲು ಮಣ್ಣಿನ ಮೇಲೆಲ್ಲೋ ಉರುಳಿತು. ಅಷ್ಟರಲ್ಲಿ ಹಿಂದಿನವರು ಬಂದು ತಲುಪಿದರು.

"ಒಂದು ದೀಪ ಇಲ್ಲ, ಒಂದು ಚಿಂದಿ ಬಟ್ಟೆ ಕೂಡ ಇಲ್ಲ!" ಎಂದು ಕಾರ್ಯದರ್ಶಿ ಕೂಗಾಡಿದ. "ಮೇಷ್ಟ್ರೇ, ಏನಾದ್ರೂ ಗುರುತು ಇತ್ತಾ ಇಲ್ಲಿ?"

"ಏನೂ ಇರಲಿಲ್ಲ" ಎಂದರು ಮೇಷ್ಟ್ರು.

ಆ ಗಾಬರಿಯಲ್ಲಿ ಆಡಿದ ಸುಳ್ಳನ್ನು ಯಾರಾದರೂ ಕ್ಷಮಿಸಿಯಾರು. ಆದರೆ ಮರುವಾರ ಪತ್ರಿಕೆಯವನು ಮನೆಗೆ ಬಂದು ಕೇಳಿದಾಗ ಗಾಬರಿಯಿರಲಿಲ್ಲ. 'ಎಚ್ಚರಿಕೆಯ ಬಟ್ಟೆಯೂ ಇರಲಿಲ್ಲ: ಮೇಷ್ಟ್ರ ಆಕ್ರೋಶ' ಎಂದು ಅಚ್ಚಾಯಿತು. ನೀರಿನ ಇಲಾಖೆಯ ವಿಚಾರಣೆಯಲ್ಲಿಯೂ ಅದನ್ನೇ ಬರೆದು ಸಹಿ ಮಾಡಿದರು. ವಿಚಾರಣೆ ಎರಡು ತಿಂಗಳು ನಡೆಯಿತು. ರಸ್ತೆ ಅಗೆಸಿದ್ದು ಇಲಾಖೆ, ಅಗೆದು ತಡೆಗೋಡೆ ಇಡದೆ ಬಿಟ್ಟವನು ಗುತ್ತಿಗೆದಾರ, ಕೇಳಿದರೂ ದೀಪ ಕೊಡದವರು ಇಬ್ಬರೂ. ಶಿಕ್ಷೆಯಾದದ್ದು ಕಾಲುವೆಗೆ ಕಾವಲಿದ್ದ ಮುದುಕನಿಗೆ. ಕೆಲಸದಿಂದ ತೆಗೆದರು. ತಪ್ಪನ್ನು ಮೇಲಿನಿಂದ ಕೆಳಕ್ಕೆ ಉರುಳಿಸುತ್ತ ಹೋಗಿ, ಇನ್ನು ಉರುಳಿಸಲು ಕೆಳಗೆ ಯಾರೂ ಇಲ್ಲದವನ ತಲೆಯ ಮೇಲೆ ಇಳಿಸಿ ಕೈ ತೊಳೆಯುವುದನ್ನು ನಮ್ಮಲ್ಲಿ ಆಡಳಿತ ಎನ್ನುತ್ತಾರೆ. ಆದರೆ ಈ ಸಲ ಉರುಳಿಸಿದವರ ಸಾಲಿನಲ್ಲಿ, ಮಕ್ಕಳಿಗೆ ಸತ್ಯ ಹೇಳಬೇಕೆಂದು ಕಲಿಸುವ ಒಬ್ಬರೂ ಇದ್ದರು.

ತಂಗಿಯ ಮಂಡಿಚಿಪ್ಪು ಮೂರು ತುಂಡಾಗಿತ್ತು. ನಡೆಯಬಹುದು, ದೂರದ ಸವಾರಿ ಇನ್ನಿಲ್ಲ ಎಂದರು ವೈದ್ಯರು. ಮಂಡಿ ಬಿಗಿಯಾಗದಿರಲು ದಿನಕ್ಕೆ ಹದಿನೈದು ನಿಮಿಷ ಸುಮ್ಮನೆ ತುಳಿಯಬೇಕು. ಒಳಕೋಣೆಯಲ್ಲಿ ಅವಳ ಸೈಕಲ್ಲನ್ನು ಕಬ್ಬಿಣದ ಸ್ಟ್ಯಾಂಡಿಗೆ ಬಿಗಿದು ನಿಲ್ಲಿಸಿದರು. ಹಿಂದಿನ ಗಾಲಿ ಉರುಳೆಯ ಮೇಲೆ ಗುಂಯ್ ಎಂದು ತಿರುಗುತ್ತಿತ್ತು. ಎದುರಿಗೆ ಕಿಟಕಿ, ಅದರ ಗಾಜಿನ ತುಂಬ ಅವಳದೇ ಉಸಿರಿನ ಹಬೆ.

"ನನ್ನ ಕಿಲೋಮೀಟರೂ ನೀನೇ ತುಳಿ ಅಣ್ಣ" ಎಂದಿದ್ದಳು. "ನಾನು ಇಲ್ಲಿ ಕೂತ್ಕೊಂಡು ಬೈತೀನಿ."

ವಾರವಾರದ ದೂರಗಳನ್ನು ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದಳು. ಚಳಿಗಾಳಿ ಎದೆಗೆ ಹೊಡೆಯದಂತೆ ಸವಾರರು ಅಂಗಿಯೊಳಗೆ ಹಳೆಯ ಪತ್ರಿಕೆ ಇಟ್ಟುಕೊಳ್ಳುತ್ತಾರೆ. ಅದನ್ನು ಅಣ್ಣನ ಎದೆಯ ಅಳತೆಗೆ ಮಡಚಿ ಕೊಡುವುದೂ ಅವಳ ಕೆಲಸವಾಯಿತು. ಒಂದು ಶನಿವಾರ ಅವಳು ಮಡಚಿಟ್ಟ ಹಾಳೆಯಲ್ಲಿ 'ಮೇಷ್ಟ್ರ ಆಕ್ರೋಶ' ಇತ್ತು. ಮರುದಿನ ಮೇಷ್ಟ್ರು ಅದನ್ನೇ ಎದೆಗೆ ಒತ್ತಿಕೊಂಡು ನೂರಿಪ್ಪತ್ತು ಕಿಲೋಮೀಟರ್ ಹೋಗಿ ಬಂದರು. ಮನೆಗೆ ಬಂದು ತೆಗೆದಾಗ ಅದು ಬೆವರಿಗೆ ನೆನೆದು, ಮಸಿ ಎದೆಯ ಕೂದಲಿಗೆ ಮೆತ್ತಿತ್ತು. ತೊಳೆದರೆ ಹೋಯಿತು. ಹೋಗಬಾರದಿತ್ತು ಎನಿಸಿತು ಅವರಿಗೆ, ಒಂದು ಗಳಿಗೆ.

ಕಾವಲುಗಾರ ಬಂದದ್ದು ಅದರ ಮುಂದಿನ ಭಾನುವಾರ. ಮೇಷ್ಟ್ರು ಹೊಸಿಲಿನ ಬಳಿ ಕುಳಿತು ಸೈಕಲ್ಲಿನ ಸರಪಳಿಯಿಂದ ಕೆಸರು ಒರೆಸುತ್ತಿದ್ದರು. ಒಳಕೋಣೆಯಲ್ಲಿ ಉರುಳೆಯ ಸದ್ದು. ಮುದುಕ ಹೆಗಲಿನ ಚೀಲವನ್ನು ಕೆಳಗಿಡಲಿಲ್ಲ.

"ಜಗಳಕ್ಕೆ ಬಂದಿಲ್ಲ ಸ್ವಾಮಿ. ಊರು ಬಿಡೋಕೆ ಮುಂಚೆ ಒಂದು ಮಾತು ಕೇಳ್ಕೊಂಡು ಹೋಗೋಣ ಅಂತ."

"ಏನು?"

"ಆ ಬಟ್ಟೆ ನಾನೇ ಕಟ್ಟಿದ್ದೆ. ದೀಪ ಕೊಡಿ ಅಂದೆ, ನಾಳೆ ನಾಡಿದ್ದು ಅಂದ್ರು. ನನ್ನ ಹೊದಿಕೆಯ ತುದಿ ಹರಿದು ಕಟ್ಟಿದೆ. ಕೆಂಪು ಹೊದಿಕೆ, ಅಂಚಿಗೆ ಬಿಳಿ ದಾರದ ಹೊಲಿಗೆ. ಹೊಲಿದೋಳು ನನ್ನ ಮನೆಯೋಳು, ಈಗಿಲ್ಲ ಅವಳು." ಮುದುಕ ತನ್ನ ಬೆರಳುಗಳನ್ನು ನೋಡಿಕೊಂಡ. "ಇಷ್ಟು ವರ್ಷ ಗಂಟು ಹಾಕಿದೀನಿ, ಒಂದೂ ಬಿಚ್ಕೊಂಡಿಲ್ಲ. ವಯಸ್ಸಾಯ್ತು ನೋಡಿ, ಅವತ್ತು ಸಡಿಲ ಹಾಕಿದ್ನೇನೋ, ಗಾಳಿಗೆ ಹಾರ್ತೇನೋ. ಹಾಗಾಗಿದ್ರೆ ತಪ್ಪು ನಂದೇ, ಒಪ್ಕೋತೀನಿ. ನೀವು ಬರೋ ಹೊತ್ತಿಗೆ ಅದು ಇರಲೇ ಇಲ್ವಾ?"

ಒಳಗೆ ಉರುಳೆಯ ಸದ್ದು ನಿಂತಿತು.

ಮೇಷ್ಟ್ರ ಕೈಯಲ್ಲಿ ಎಣ್ಣೆಯ ಅರಿವೆ ಇತ್ತು. ಅದನ್ನು ಮಡಚಿದರು, ಮತ್ತೆ ಮಡಚಿದರು. "ನನಗೇನೂ ಕಾಣಲಿಲ್ಲ."

"ಹಾಗಾದ್ರೆ ಹಾರೇ ಹೋಗಿರಬೇಕು" ಎಂದ ಮುದುಕ. "ನನ್ನಿಂದ ನಿಮ್ಮ ತಂಗಿಗೆ ಹೀಗಾಯ್ತು. ಕ್ಷಮಿಸಿ ಅಂತ ಹೇಳಿಬಿಡಿ." ಕೈ ಮುಗಿದು ಹೋದ.

ತಂಗಿ ಕುಂಟುತ್ತ ಹೊರಗೆ ಬಂದಳು. ಕೈಯಲ್ಲಿ ಒಗೆದು ಮಡಚಿದ ಒಂದು ಕೆಂಪು ಬಟ್ಟೆ.

"ಆಸ್ಪತ್ರೇಲಿ ನನ್ನ ಬಟ್ಟೆ ಜೊತೆ ಕೊಟ್ರು" ಎಂದಳು. "ದಾರೀಲಿ ಹೋಗೋ ಯಾರೋ ಪುಣ್ಯಾತ್ಮರು ಕಟ್ಟಿದ್ದು, ಸಿಕ್ಕಿದ್ರೆ ವಾಪಸ್ ಕೊಡೋಣ ಅಂತ ಇಟ್ಟಿದ್ದೆ. ಅಂಚು ನೋಡು ಅಣ್ಣ."

ಬಿಳಿ ದಾರದ ಹೊಲಿಗೆ. ಒಂದೊಂದು ಟಾಕೆಯೂ ಒಂದೇ ಉದ್ದ.

"ನೀನು ಬಲಕ್ಕೆ ಸರಿದದ್ದು ನಾನು ನೋಡಿದ್ದೆ. ನಿನ್ನ ದೀಪ ಸರೀತು. ಕೈ ತೆಗೆಯೋಕೆ ಪುರುಸೊತ್ತು ಸಿಗಲಿಲ್ಲ ಅಂದುಕೊಂಡೆ. ಇಷ್ಟು ದಿನ ಹಾಗೇ ಅಂದುಕೊಂಡೆ. ಎಷ್ಟು ದೂರದಿಂದ ಕಂಡಿತ್ತು ಇದು?"

ಮೇಷ್ಟ್ರು ತಲೆಯೆತ್ತಲಿಲ್ಲ. "ಮೂವತ್ತು ಮೀಟರ್."

"ಇಪ್ಪತ್ತೇಳರ ವೇಗದಲ್ಲಿ ಇದ್ವಿ. ಲೆಕ್ಕ ಹೇಳು."

"ಬೇಡ ಕಣೇ."

"ಮಕ್ಕಳಿಗೆ ಹೇಳಿಕೊಡ್ತೀಯಲ್ಲ. ಹೇಳು."

"ನಾಲ್ಕು ಸೆಕೆಂಡು."

"ಟೀ ಅಂಗಡಿ ಮಾತಿಗಾ?"

ಅವರು ಹೌದೆಂದು ತಲೆಯಾಡಿಸಿದರು. "ಸಣ್ಣ ತಗ್ಗು ಅಂದುಕೊಂಡೆ. ಒಂದು ಸಲ ಕುಲುಕಲಿ ಅಂತ..."

ಅವಳು ಬಟ್ಟೆಯನ್ನು ಅವರ ಮಡಿಲಿಗೆ ಹಾಕಿದಳು. "ನಾಲ್ಕು ಸೆಕೆಂಡು ನನ್ನ ಮೇಲೆ ಕೋಪ ಇತ್ತು, ಆಗಲಿ. ನನ್ನ ಕಾಲು, ನನ್ನ ಅಣ್ಣ, ನಾವೇ ಏನೋ ಮಾಡ್ಕೋತಿದ್ವಿ. ಆಮೇಲೆ ಎರಡೂವರೆ ತಿಂಗಳು ಆ ಮುದುಕರ ಮೇಲೆ ನಿನಗೆ ಏನಿತ್ತು?"



ಮೇಷ್ಟ್ರು ಹಾಗೆಯೇ ಎದ್ದು, ಮುದುಕ ಹೋದ ದಾರಿಯಲ್ಲಿ ಸೈಕಲ್ ಏರಿದರು. ಕೊಳವೆಗಳ ರಾಶಿಯ ಪಕ್ಕದ ತಗಡಿನ ಗುಡಿಸಲಿನಲ್ಲಿ ಹೊಸ ಕಾವಲುಗಾರನಿದ್ದ. ಅವನ ಪಕ್ಕದಲ್ಲಿ ಹೊಚ್ಚಹೊಸ ಕೆಂಪು ದೀಪ.

"ಅವ್ರು ಬೆಳಿಗ್ಗೇನೇ ಗುಡಿಸಲು ಖಾಲಿ ಮಾಡಿದ್ರು" ಎಂದ ಅವನು. "ಒಬ್ಬರನ್ನ ನೋಡಿ, ಹಾಗೇ ಬಸ್ಸು ಹತ್ತೀನಿ ಅಂದ್ರು. ಎಲ್ಲಿ ಪೈಪಿನ ಕೆಲಸ ನಡೀತಿದ್ರೆ ಅಲ್ಲಿಗೆ."

ಬಸ್ ನಿಲ್ದಾಣದಲ್ಲಿ ಮುದುಕ ಇರಲಿಲ್ಲ.

ಮರುದಿನ ಇಲಾಖೆಯಲ್ಲಿ ಮೇಷ್ಟ್ರು ತಾವು ಬರೆದ ಹೇಳಿಕೆ ಸುಳ್ಳೆಂದು ಬರೆದುಕೊಟ್ಟರು. ಅಧಿಕಾರಿಗೆ ಸಂತೋಷವಾಗಲಿಲ್ಲ. "ಮುಗಿದ ವಿಷಯ ಯಾಕೆ ಕೆದಕ್ತೀರಿ ಮೇಷ್ಟ್ರೇ? ಇದರಿಂದ ನಿಮ್ಮ ಮರ್ಯಾದೆನೇ ಹೋಗೋದು" ಎಂದ. ಅದು ಹೋಗಿ ಎಷ್ಟೋ ದಿನವಾಯಿತೆಂದು ಅವನಿಗೆ ಹೇಗೆ ತಿಳಿಯಬೇಕು? ಮುದುಕನನ್ನು ಮತ್ತೆ ಕೆಲಸಕ್ಕೆ ಕರೆಯಬಹುದೆಂದು ಆದೇಶವಾಯಿತು. ಆದೇಶ ಮುಟ್ಟಿಸಲು ವಿಳಾಸವಿರಲಿಲ್ಲ. ಇಲಾಖೆಯವರು ಅದನ್ನು ಕಡತದೊಳಗಿಟ್ಟು ತಮ್ಮ ಕರ್ತವ್ಯ ಮುಗಿಸಿದರು. ಸಂಘದ ಕೊಠಡಿಯಲ್ಲಿ ಮೇಷ್ಟ್ರು, ತಾವೇ ಗೆರೆ ಎಳೆದಿದ್ದ ನಿಯಮದ ಕೆಳಗೆ ನಿಂತು ಎಲ್ಲವನ್ನೂ ಹೇಳಿದರು. ಮುಂದಿನ ಭಾನುವಾರ ಅವರ ಹಿಂದೆ ಸಾಗಲು ಯಾರೂ ಬರಲಿಲ್ಲ.

ಅಡುಗೆಮನೆಯ ಬಾಗಿಲಿನ ಚೀಟಿ ಹಾಗೆಯೇ ಇತ್ತು: ನೂರನಲವತ್ತು, ನೂರೆಂಬತ್ತು, ಇನ್ನೂರು. ಮೇಷ್ಟ್ರು ಆ ದೂರಗಳನ್ನೆಲ್ಲ ತುಳಿದರು, ಆರುನೂರಕ್ಕಾಗಿ ಅಲ್ಲ. ಪ್ರತಿ ಭಾನುವಾರ ಒಂದೊಂದು ದಿಕ್ಕು. ರಸ್ತೆ ಅಗೆದಲ್ಲೆಲ್ಲ ಇಳಿದು, ಕೊಳವೆ ಹಾಕುವವರನ್ನು ಕೇಳುವರು: ಎತ್ತರದ ಮುದುಕ, ಕೆಂಪು ಹೊದಿಕೆ, ಒಂದು ತುದಿ ಹರಿದಿರುತ್ತದೆ. ಬೆನ್ನಿನ ಜೇಬಿನಲ್ಲಿ ಆ ತುಂಡು. ಆದೇಶದ ಪ್ರತಿಯೂ ಇತ್ತು, ಆದರೆ ಅವರು ದಾರಿಯುದ್ದಕ್ಕೂ ಬಾಯಿಪಾಠ ಮಾಡುತ್ತಿದ್ದುದು ಬೇರೆಯೇ ಒಂದು ಮಾತನ್ನು: ಗಂಟು ಸಡಿಲವಾಗಿರಲಿಲ್ಲ, ಹಲ್ಲು ಹಾಕಿ ಬಿಚ್ಚಬೇಕಾಯಿತು. ಅದನ್ನು ಕೇಳಬೇಕಾದವನು, ತನ್ನ ಕೈಗಳನ್ನು ತಾನೇ ನಂಬದೆ, ಎಲ್ಲೋ ಒಂದು ಕಾಲುವೆಯ ಬದಿಯಲ್ಲಿ ತುದಿ ಹರಿದ ಹೊದಿಕೆ ಹೊದ್ದು ಕುಳಿತಿರಬೇಕು.

ಹಿಂದೆ ಯಾರೂ ಇಲ್ಲದಿದ್ದರೂ ಗುಂಡಿ ಕಂಡಾಗಲೆಲ್ಲ ಅವರ ಕೈ ಕೆಳಗಿಳಿದು ಬೆರಳು ತೋರಿಸುತ್ತಿತ್ತು.

ಇನ್ನೂರರ ಭಾನುವಾರ ಅವರು ಮನೆ ತಲುಪಿದಾಗ ಮುಸ್ಸಂಜೆ. ತಂಗಿ ಮೇಜಿನ ಮುಂದೆ ಕುಳಿತು ಮುಂದಿನ ವಾರದ ಪತ್ರಿಕೆಯನ್ನು ಅವರ ಎದೆಯ ಅಳತೆಗೆ ಮಡಚುತ್ತಿದ್ದಳು. ಅನ್ನ ಬಡಿಸಿಟ್ಟಿದ್ದಳು, ನೀರು ಕಾಯಿಸಿದ್ದಳು. ಯಾವುದರಲ್ಲಿಯೂ ಕೊರತೆ ಮಾಡಿರಲಿಲ್ಲ. ಮುದುಕ ಬಂದುಹೋದ ದಿನದಿಂದ ಒಂದನ್ನು ಮಾತ್ರ ನಿಲ್ಲಿಸಿದ್ದಳು.

ಅವರು ಒಳಗೆ ಬಂದ ಸದ್ದಿಗೆ ತಲೆಯೆತ್ತಿ, ಊರಿನವರೆಲ್ಲ ಕರೆಯುವಂತೆಯೇ ಕರೆದಳು.

"ಸಿಕ್ಕಿದ್ರಾ ಅವರು, ಮೇಷ್ಟ್ರೇ?"

ಇಲ್ಲವೆಂದು ತಲೆಯಾಡಿಸಿದರು. ಅವಳು ಹಾಳೆಯ ಮಡಿಕೆಯನ್ನು ಉಗುರಿನಿಂದ ಒತ್ತಿ, ಮೇಜಿನ ಅವರ ಬದಿಗೆ ಸರಿಸಿದಳು.