ಲಗ್ನಪತ್ರಿಕೆಯ ಕಾರ್ಡುಗಳು

ದಾಕ್ಷಾಯಣಮ್ಮನಿಗೆ ಸಿಟ್ಟು ಬಂದದ್ದು ಮಾವ ಮರಿಬಸಪ್ಪ ಆಡಿದ ಒಂದು ಮಾತಿಗೆ, ಮತ್ತು ಆ ಮಾತು ಕೇಳಿಯೂ ತಾನು ಬಾಯಿ ಮುಚ್ಚಿಕೊಂಡು ಕೂತದ್ದಕ್ಕೆ. ಎರಡನೆಯ ಸಿಟ್ಟೇ ಹೆಚ್ಚು ಉರಿಯುತ್ತಿತ್ತು.

ಆಕೆ ಸಿರುಗುಪ್ಪದ ಶಾಲೆಯೊಂದರ ಟೀಚರು. ಎಪ್ಪತ್ತಾರನೇ ಇಸವಿಯಲ್ಲಿ ಬಳ್ಳಾರಿಯ ಶಾಲಾ ವಸ್ತುಪ್ರದರ್ಶನಕ್ಕೆಂದು, ರಸ್ತೆ ನಿಯಮ ಕಲಿಸುವ ಆಟವೊಂದನ್ನು ರಟ್ಟಿನ ಮೇಲೆ ಬರೆದಿದ್ದಳು. ಸಿರುಗುಪ್ಪದಿಂದ ಹೊರಟ ಬಸ್ಸು ಕುರುಗೋಡು ದಾಟಿ ಬಳ್ಳಾರಿ ಮುಟ್ಟಬೇಕು. ಕಪ್ಪು ಮನೆಗೆ ಬಂದವರು ಇನ್ನೊಮ್ಮೆ ದಾಳ ಉರುಳಿಸಿ, ದಾರಿಯಲ್ಲಿ ಏನು ಎದುರಾಯಿತೆಂದು ಪಟ್ಟಿ ನೋಡಬೇಕು. ಎರಡು ಬಿದ್ದರೆ ಪಂಕ್ಚರು, ಐದಕ್ಕೆ ಭತ್ತದ ಗಾಡಿಗಳ ಸಾಲು. ಒಂದು ಬಿದ್ದರೆ ಲಾರಿ ಡಿಕ್ಕಿ, ಮರಳಿ ಸಿರುಗುಪ್ಪಕ್ಕೆ.

ಆಡಿ ನೋಡಲು ಕೂತವಳು ನಾದಿನಿ ಚನ್ನವೀರಮ್ಮ. ಗಂಡ ಲಾರಿಗೆ ಸಿಕ್ಕಿ ಸತ್ತ ಮೇಲೆ ನಾಲ್ಕು ವರ್ಷದಿಂದ ತವರಿನಲ್ಲೇ ಇದ್ದಳು. ಅವಳಿಗೆ ಒಂದು ಬಿತ್ತು. ಮತ್ತೆ ಹೊರಟಳು, ಮತ್ತೆ ಕಪ್ಪು ಮನೆ, ಮತ್ತೆ ಒಂದು. ಮೂರನೆಯ ಸಲವೂ ಒಂದೇ.

ಪಡಸಾಲೆಯಲ್ಲಿ ಪಗಡೆ ಹಾಸು ಬಿಚ್ಚುತ್ತಿದ್ದ ಮರಿಬಸಪ್ಪ ತಲೆ ಕೂಡ ಎತ್ತಲಿಲ್ಲ. "ಆಕಿ ಕೈಗುಣ ಅದು. ದಾಳ ಏನು ಮಾಡೀತು?" ಎಂದ.

ಹೆತ್ತ ಮಗಳಿಗೆ ಅಪ್ಪ ಆಡುವ ಮಾತೇ ಇದು? ಚನ್ನವೀರಮ್ಮ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ರಾತ್ರಿಯೆಲ್ಲ ಕುದ್ದ ದಾಕ್ಷಾಯಣಮ್ಮ ಬೆಳಿಗ್ಗೆ ತೀರ್ಮಾನಿಸಿಬಿಟ್ಟಳು. ಹಾಳಾದ ದಾಳಕ್ಕೆ ನೆನಪೆಂಬುದಿಲ್ಲ. ಬಿದ್ದದ್ದೇ ಬೀಳುತ್ತದೆ, ಜನ ಉರುಳಿಸಿದವರ ಕೈಯನ್ನು ದೂರುತ್ತಾರೆ. ರಸ್ತೆ ನಿಯಮದ ಆಟದಲ್ಲಿ ಅಪಘಾತ ಬಿಡುವಂತಿಲ್ಲ, ಸರಿ. ಆದರೆ ಕಪ್ಪು ಮನೆಗೆ ಬಂದವರು ದಾಳದ ಬದಲು ಕಾರ್ಡು ಎತ್ತುವಂತಾದರೆ ಡಿಕ್ಕಿಗೆ ಒಂದೇ ಕಾರ್ಡು. ಒಮ್ಮೆ ತೆಗೆದು ಪಕ್ಕಕ್ಕಿಟ್ಟರೆ ಕಟ್ಟು ಮುಗಿಯುವತನಕ ಅದು ಮತ್ತೆ ಯಾರ ತಂಟೆಗೂ ಬರುವುದಿಲ್ಲ.

ಬೆನ್ನೆಲ್ಲ ಒಂದೇ ಥರ ಕಾಣುವ ಗಟ್ಟಿ ಕಾಗದ ಬೇಕಿತ್ತು. ಚನ್ನವೀರಮ್ಮ ಅಟ್ಟ ಹತ್ತಿ ಒಂದು ಕಟ್ಟು ಇಳಿಸಿದಳು. ಹಂಚದೆ ಉಳಿದ ಅವಳದೇ ಲಗ್ನಪತ್ರಿಕೆಗಳು. ಒಂದು ಬದಿ ಅಚ್ಚು, ಇನ್ನೊಂದು ಬದಿ ಖಾಲಿ.

"ಬರೀರಿ ಅತ್ತಿಗಿ. ಗೆದ್ದಲ ತಿನ್ನೂದಕ್ಕಿಂತ ಇದು ಚಲೋ ಐತಿ."

ಇಬ್ಬರೂ ಕೂಡಿ ನಲವತ್ತು ಕಾರ್ಡು ಬರೆದರು. ದಾಕ್ಷಾಯಣಮ್ಮ ಅವನ್ನು ಕಲಸುತ್ತಿರುವಾಗಲೇ ಮರಿಬಸಪ್ಪ ಒಳಗೆ ಬಂದ.

"ಜಂಗಮರು ಪಾದ ಇಡೋ ಮನ್ಯಾಗ ಇಸ್ಪೀಟಾ?"

ಪಗಡೆ ಶಿವಪಾರ್ವತಿಯರು ಆಡಿದ ಆಟ ಎಂದು ದಿನಾ ಮಧ್ಯಾಹ್ನ ಮೂರು ತಾಸು ದಾಳ ಉಜ್ಜುವ ಮಹಾನುಭಾವನಿಗೆ ಕಾರ್ಡು ಕಂಡರೆ ಮೈಲಿಗೆ! ಕಟ್ಟನ್ನು ಕಸಿದುಕೊಂಡು ನೇರ ಬಚ್ಚಲೊಲೆಯ ಮುಂದೆ ಹೋಗಿ ನಿಂತ.

ಈ ಸಲ ದಾಕ್ಷಾಯಣಮ್ಮ ಬಾಯಿ ಮುಚ್ಚಿಕೊಳ್ಳಲಿಲ್ಲ. "ಸುಡೂದಾದ್ರ ಓದಿ ಸುಡ್ರಿ ಮಾವಾರ! ತಿರುವಿ ನೋಡ್ರಿ, ಯಾರ ಹೆಸರೈತಿ!"

ಮರಿಬಸಪ್ಪ ತಿರುವಿದ. ವಧು ಚನ್ನವೀರಮ್ಮ. ಕೆಳಗೆ, ತಮ್ಮ ಆಗಮನಾಭಿಲಾಷಿ ಮರಿಬಸಪ್ಪ. ಎರಡನೆಯದನ್ನು ತಿರುವಿದ, ಅದರಲ್ಲೂ ಅದೇ. ಒಲೆಯ ಮುಂದೆ ಚಾಚಿದ ಕೈ ಅಲ್ಲೇ ನಿಂತಿತು.

ಚನ್ನವೀರಮ್ಮ ಬಂದು ಕಟ್ಟನ್ನು ಅವನ ಕೈಯಿಂದ ಕಿತ್ತುಕೊಂಡಳು. ಚೆನ್ನಾಗಿ ಕಲಸಿ, ಅಪ್ಪನ ಎದೆಯ ಮುಂದೆ ಹಿಡಿದಳು.

"ನಾಕು ವರ್ಷಾತು, ನನ್ನ ಕೈಯಾಗಿಂದ ಯಾರೂ ಕುಂಕುಮ ತಗೊಳ್ಳಂಗಿಲ್ಲ. ನನ್ನ ಕೈಗುಣ ಕೆಟ್ಟದ್ದು ಅನ್ನೂದು ನಿನ್ನ ಬಾಯಿಂದನ ಊರ ಮಾತಾತು. ಇದರಾಗ ಡಿಕ್ಕಿ ಒಂದ ಐತಿ. ತಗೀ ಅಪ್ಪಾ. ನಿನ್ನ ಕೈಗುಣಾನೂ ನೋಡೂಣು."

ಮರಿಬಸಪ್ಪ ಕಾರ್ಡುಗಳನ್ನು ನೋಡಿದ, ಮಗಳ ಮುಖ ನೋಡಿದ. ಬಲಗೈಯನ್ನು ಮೆಲ್ಲಗೆ ಹೆಗಲ ಮೇಲಿನ ವಲ್ಲಿಯೊಳಗೆ ಎಳೆದುಕೊಂಡ.

ಉರಿಯುವ ಒಲೆ ದಂಡವಾಗಬಾರದೆಂದು ದಾಕ್ಷಾಯಣಮ್ಮ ದಾಳದ ಪಟ್ಟಿಯನ್ನು ನಾಲ್ಕು ಚೂರು ಮಾಡಿ ಅದರೊಳಗೆ ಹಾಕಿದಳು.