ಧೂಳಿನ ಊರು ಹೇಳುವ ಕಣ್ಣು

ಧೂಳಿನ ಒಂದೇ ಒಂದು ಕಣವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಸಾಕು, ಅದು ಯಾವ ಊರಿನದು, ಯಾರ ಚಪ್ಪಲಿ ಹಿಡಿದು ಬಂತು, ದಾರಿಯಲ್ಲಿ ಎಲ್ಲೆಲ್ಲಿ ಇಳಿದು ಹತ್ತಿತು ಎಂಬುದನ್ನೆಲ್ಲ ನೂಪಿನ್ ಹೇಳಿಬಿಡುತ್ತಿದ್ದಳು. ಒಂದು ಸಲ ಹಾಗೆ ನೋಡಿದವಳೇ, "ಇದು ಸುರಿನ್ ಊರ ಕಡೀದವಾ. ಹೆಣ್ಣು. ಇನ್ನೂ ಲಗ್ನ ಆಗಿಲ್ಲ" ಅಂದಿದ್ದಳು.

ಬ್ಯಾಂಕಾಕಿನ ಉತ್ತರಕ್ಕಿರುವ ಅಯುತ್ಯಾದ ಆ ಹಾರ್ಡ್ ಡಿಸ್ಕ್ ಕಾರ್ಖಾನೆಯಲ್ಲಿ ಅವಳು ಹದಿನೇಳು ವರ್ಷದಿಂದ ಒಂದೇ ಸ್ಟೂಲಿನ ಮೇಲೆ ಕೂತಿದ್ದಳು. ಡಿಸ್ಕಿನ ಮೇಲೆ ಓಡಾಡಿ ಓದಿ ಬರೆಯುವ ತುಣುಕು ಎಳ್ಳಿಗಿಂತ ಸಣ್ಣದು. ಅದರ ಮೇಲೆ ಗೀರಿದೆಯೇ, ಕೊಳೆಯಿದೆಯೇ ನೋಡುವುದು, ಚೆನ್ನಾಗಿದ್ದರೆ ಹಸಿರು ತಟ್ಟೆಗೆ, ಕೆಟ್ಟಿದ್ದರೆ ಕೆಂಪು ತಟ್ಟೆಗೆ ಹಾಕುವುದು ಅವಳ ಕೆಲಸ. ಜಗತ್ತಿನಲ್ಲಿ ಯಾವ ಪ್ರಧಾನಿಯ ಮದುವೆಯ ಫೋಟೊ ಕೆಡದೆ ಉಳಿದಿದ್ದರೂ ಅದು ತನ್ನ ಕಣ್ಣಿನ ಪುಣ್ಯ ಎನ್ನುತ್ತಿದ್ದಳು. ಮಹಾನೆರೆ ಬಂದ ವರ್ಷ ಎರಡು ಯಂತ್ರಗಳನ್ನು ಎರಡು ಕಂಕುಳಲ್ಲಿ ಅವುಚಿಕೊಂಡು ಈಜುತ್ತ ಹೊರಗೆ ತಂದಿದ್ದಳಂತೆ. ಎದುರಿಗೆ ಮೊಸಳೆ ಬಂದಿತ್ತಂತೆ.

"ಅಕ್ಕಾ, ಮೊಸಳಿ ಏನಂತು?" ಎಂದು ಊಟದ ಹೊತ್ತಿನಲ್ಲಿ ಹುಡುಗಿಯರು ಕೆಣಕುತ್ತಿದ್ದರು.

"ಏನಂತದ? 'ದಾರಿ ಬಿಡ್ತೀನವಾ, ನಮ್ಮ ಮನಿ ಫೋಟೊ ಒಂಚೂರು ಜ್ವಾಪಾನ' ಅಂತು."

ನಗು ಊಟದ ಮನೆಯಲ್ಲಿ ಮಾತ್ರ. ಒಳಗೆ ಹೋದಮೇಲೆ ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ, ಬಾಯಿಗೆ ಗವಸು, ಬೆರಳಿಗೆ ರಬ್ಬರಿನ ಟೊಪ್ಪಿ. ನಾನೂರ ಹನ್ನೆರಡು ಹೆಂಗಸರು ಶವದ ಬಟ್ಟೆ ಸುತ್ತಿಕೊಂಡೇ ಎದ್ದು ಕೂತ ಹೆಣಗಳ ಹಾಗೆ ಸಾಲಾಗಿ ಕೂರುತ್ತಿದ್ದರು. ಕಾಣುವುದು ಕಣ್ಣು ಮಾತ್ರ. ಹೆಸರಿಲ್ಲ, ಬೆನ್ನಿನ ಮೇಲೆ ನಂಬರು. ಮೂಗು ಕೆರೆಯುವಂತಿಲ್ಲ. ಉಚ್ಚೆಗೆ ಹೋಗಬೇಕಾದರೆ ಪಾಳಿಗೆ ಎರಡೇ ಸಲ, ಅದೂ ಮೇಸ್ತ್ರಿ ವಿರೋಟ್ ತಲೆ ಆಡಿಸಿದರೆ.

ಒಂದು ದಿನ ವಿರೋಟ್ ತೊಂಗ್ಬೈಯ ಕೆಂಪು ತಟ್ಟೆಯನ್ನು ಮೇಜಿಗೆ ಬಡಿದ. ತೊಂಗ್ಬೈ ನೂಪಿನ್‌ಳ ಪಕ್ಕದ ಸ್ಟೂಲಿನವಳು, ಈಶಾನ್ಯದ ಇಸಾನ್ ಸೀಮೆಯಿಂದ ಅವಳ ಜೊತೆ ಒಂದೇ ಬಸ್ಸಿನಲ್ಲಿ ಊರು ಬಿಟ್ಟು ಬಂದವಳು.

"ಏಯ್ ಇನ್ನೂರಾ ಆರು! ನೂರಕ್ಕೆ ಏಳು ಕೆಂಪು ಹಾಕಿದ್ದೀಯಲ್ಲ, ಇದೇನು ನಿನ್ನಪ್ಪನ ಕಾರ್ಖಾನೇನಾ?"

"ಏಳರಾಗೂ ಗೀರು ಅದಾವ್ರೀ. ನೀವಾ ಬಗ್ಗಿ ನೋಡ್ರಿ."

"ನಾನ್ಯಾಕೆ ನೋಡ್ಲಿ? ನೂರಕ್ಕೆ ಮೂರು ಅಂತ ಮೇಲಿಂದ ಬಂದಿದೆ. ಮೂರು ಅಂದ್ರೆ ಮೂರು. ನಾಲ್ಕನೇದು ನಿನ್ನ ಕಣ್ಣಿನ ದೋಷ."

"ಗೀರು ಬಿದ್ದದ್ದು ತುಣುಕಿಗ್ರಿ, ನನ್ನ ಕಣ್ಣಿಗಲ್ಲ."

"ಬಾಯಿ ಮುಚ್ಚೇ ಎಮ್ಮೆ! ಅಂಟನ್ನ ತಿಂದು ತಿಂದು ಈ ಇಸಾನ್ ಮುಂಡೇವ್ಕೆ ತಲೆಯೊಳಗೂ ಅಂಟೇ ತುಂಬಿದೆ. ಇವಳನ್ನ ನೋಡಿ ಕಲಿ." ಅವನು ನೂಪಿನ್‌ಳ ಬೆನ್ನಿಗೆ ಪೆನ್ನಿನಿಂದ ಚುಚ್ಚಿದ. "ಆರು ತಿಂಗಳ ಹಾಳೆ ತೆಗೆದು ನೋಡು. ದಿನಾ ನೂರಕ್ಕೆ ಮೂರು. ಎರಡಿಲ್ಲ, ನಾಲ್ಕಿಲ್ಲ. ಇದು ಕಣ್ಣು ಅಂದ್ರೆ."

ನೂಪಿನ್ ಸ್ಕೋಪಿನಿಂದ ತಲೆ ಎತ್ತಲಿಲ್ಲ.

ಆ ವಾರವೇ ಹನ್ನೊಂದು ಜನರನ್ನು ಕಳಿಸಿದರು. ನೂರಕ್ಕೆ ಐದು, ಆರು, ಏಳು ಹಾಕಿದವರನ್ನು. 'ದೃಷ್ಟಿ ಮಂದ, ಸ್ವಂತ ಇಚ್ಛೆಯಿಂದ ಕೆಲಸ ಬಿಟ್ಟಿದ್ದಾರೆ' ಎಂದು ಹಾಳೆಯಲ್ಲಿ ಬರೆದು ರುಜು ಹಾಕಿಸಿಕೊಂಡರು. ಗೇಟಿನ ಹೊರಗೆ ಹುರಿದ ಬಾಳೆಹಣ್ಣಿನ ಗಾಡಿಯ ಹತ್ತಿರ ತೊಂಗ್ಬೈ ತನ್ನ ಉಪ್ಪುಮೀನಿನ ಡಬ್ಬಿಯನ್ನು ನೂಪಿನ್‌ಳ ಕೈಗಿತ್ತಳು.

"ಬಸ್ಸಿನ್ಯಾಗ ವಾಸನಿ ಬರತೈತಿ ಅಂತ ಬೈತಾರ. ನೀ ಇಟಗೋ. ಅಕ್ಕಾ, ಒಂದು ಕೇಳ್ಲೇನು? ನನ್ನ ತಾಟಿಗೂ ನಿನ್ನ ತಾಟಿಗೂ ಒಂದಾ ಬುಟ್ಟಿಯಿಂದ ಬರತಾವು. ನಿನ್ನಾವು ಮೂರಾ ಹ್ಯಾಂಗ ಕೆಡ್ತಾವು?"

"ನನ್ನ ಕಂಡ್ರ ಧೂಳು ಅಂಜತೈತಿ ತಂಗಿ. ತಾನಾ ಎದ್ದು ಬಾಜೂದವರ ತಾಟಿಗಿ ಹೋಗತೈತಿ."

ತೊಂಗ್ಬೈ ನಗಲಿಲ್ಲ. ಬಸ್ಸು ಹತ್ತಿದಳು. ಕಿಟಕಿಯಿಂದ ಅವಳು ಕೈ ಬೀಸಿದಳೋ ಇಲ್ಲವೋ ನೂಪಿನ್‌ಗೆ ತಿಳಿಯಲಿಲ್ಲ. ಬಸ್ಸು ಹೋದಮೇಲೂ ಬಹಳ ಹೊತ್ತು ತಾನೇ ಕೈ ಬೀಸುತ್ತ ನಿಂತಿದ್ದಳು.

ಮುಂದಿನ ತಿಂಗಳು ಊಟದ ಮನೆಯಲ್ಲಿ ಸಭೆ. ಎಲ್ಲರಿಗೂ ಬಿಟ್ಟಿ ಕೋಳಿ ಹುರಿದು ಹಾಕಿದರು. ಬಿಟ್ಟಿ ಕೋಳಿ ಬಂದರೆ ಯಾರದೋ ಕುತ್ತಿಗೆ ಹೋಗಲಿದೆ ಎಂದು ಹೆಂಗಸರಿಗೆ ಗೊತ್ತು. ಬ್ಯಾಂಕಾಕಿನಿಂದ ನಿರ್ದೇಶಕ ತೀರಾವಟ್ ಬಂದಿದ್ದ. ಇಸ್ತ್ರಿ ಮಾಡಿದ ಮುಖ. ಗೋಡೆಯ ಮೇಲೆ ಪ್ರೊಜೆಕ್ಟರಿನಿಂದ ಬಣ್ಣಬಣ್ಣದ ಗೆರೆಗಳನ್ನು ಬಿಟ್ಟು ಹೇಳತೊಡಗಿದ.

"ಅಕ್ಕಂದಿರೇ, ನಾವೆಲ್ಲ ಒಂದೇ ಮನೆಯವರು."

"ಒಂದಾ ಮನಿ ಅಂದ್ರ ಯಾರನರ ಹೊರಗ ಹಾಕ್ತಾರ" ಎಂದು ಹಿಂದಿನ ಬೆಂಚಿನಿಂದ ಒಬ್ಬಳು ಗೊಣಗಿದಳು.

"ಮನೆಮನೆಯ ಕಂಪ್ಯೂಟರಿಗೆ ಹಾಕೋ ಸಣ್ಣ ಡಿಸ್ಕಿನ ಕಾಲ ಮುಗೀತು. ಈಗ ಜಗತ್ತಿನವರ ಹಾಡು, ಫೋಟೊ, ಎಲ್ಲಾ ಹೋಗಿ ಬೀಳೋದು ಊರಷ್ಟು ದೊಡ್ಡ ಗೋದಾಮುಗಳಿಗೆ. ಅಲ್ಲಿಗೆ ಬೇಕಾದ್ದು ದೊಡ್ಡ ಡಿಸ್ಕು. ಹೆಚ್ಚು ಹಿಡಿಸಬೇಕು, ಕಡಿಮೆ ಸಂಖ್ಯೆಯಲ್ಲಿ ಮಾಡಬೇಕು, ಬೇರೆಯವರಿಗಿಂತ ಅಗ್ಗಕ್ಕೆ ಕೊಡಬೇಕು. ಇದು ನಮ್ಮ ಮುಂದಿನ ಐದು ವರ್ಷದ ದಾರಿ. ಈ ದಾರಿಯಲ್ಲಿ ಎಲ್ಲರೂ ಬರೋಕೆ ಆಗಲ್ಲ." ಗೋಡೆಯ ಮೇಲೆ ನಾನೂರ ಒಂದು ಪುಟ್ಟ ಹೆಂಗಸರ ಚಿತ್ರ ಮೂಡಿತು, ಮಾಯವಾಯಿತು. ಆರು ಯಂತ್ರಗಳ ಚಿತ್ರ ಉಳಿಯಿತು. "ತುಣುಕು ನೋಡೋ ಕೆಲಸ ಇನ್ನು ಇವುಗಳದು. ಆದರೆ ಇವಕ್ಕೆ ನೋಡೋದು ಕಲಿಸೋರು ನಮ್ಮವರೇ ಒಬ್ಬರು. ಲೆಕ್ಕದಲ್ಲಿ ಒಂದು ದಿನವೂ ತಪ್ಪದ ಕಣ್ಣು. ನೂಪಿನ್ ಅಕ್ಕ, ಎದ್ದು ನಿಲ್ಲಿ!"

ಚಪ್ಪಾಳೆ ತಟ್ಟಿದ್ದು ವಿರೋಟ್ ಒಬ್ಬನೇ.

"ಕಲಿಸಿದವರಿಗೆ ಯಂತ್ರದ ಕೋಣೆಯಲ್ಲಿ ಖಾಯಂ ಜಾಗ. ಕೊನೆಗೆ ಒಂದು ಕಣ್ಣಿನ ಪರೀಕ್ಷೆ, ಸುಮ್ಮನೆ ಶಾಸ್ತ್ರಕ್ಕೆ."

ಹಿಂದಿನ ಬೆಂಚಿನವಳು ಎದ್ದು ಬಂದು ಅವಳ ಮುಖಕ್ಕೆ ಮುಖ ಕೊಟ್ಟು ನಿಂತಳು. "ನಾಕನೂರ ಮಂದಿ ಅನ್ನಕ್ಕ ಮಣ್ಣ ಹಾಕಾಕ ಹೊಂಟಿ ಏನಬೇ, ರಂಡಿ?"

"ನಾ ಒಲ್ಲೆ ಅಂದ್ರ ಇನ್ನೊಬ್ಬಾಕಿನ ಕೂಡಸ್ತಾರ" ಎಂದಳು ನೂಪಿನ್. ಆಮೇಲೆ ಅಭ್ಯಾಸಬಲದಿಂದ, "ಮತ್ತ ನನ್ನಂಥಾ ಕಣ್ಣು ಭೂಮಿ ಮ್ಯಾಲ ಇನ್ನೊಂದು ಎಲ್ಲೈತಿ?" ಎಂದು ಸೇರಿಸಿದಳು. ಬೆಂಚಿನವಳು ನೂಪಿನ್‌ಳ ಹೆಗಲ ಮೇಲೆ ಕೋಳಿಯ ಮೂಳೆ ಎಸೆದು ಹೋದಳು.

ನಾಲ್ಕು ತಿಂಗಳು ಪಾಠ ನಡೆಯಿತು. ಸ್ಕೋಪಿನೊಳಗೆ ತುಣುಕು ಬರುವುದು. ಚೆನ್ನಾಗಿದ್ದರೆ ನೂಪಿನ್ ಬಲಗೈಯ ಹಸಿರು ಗುಂಡಿ ಒತ್ತುವುದು, ಕೆಟ್ಟಿದ್ದರೆ ಎಡಗೈಯ ಕೆಂಪು ಗುಂಡಿ. ಯಂತ್ರ ಅದನ್ನು ನೋಡಿ ನೋಡಿ ಕಲಿಯುವುದು. ಲಕ್ಷಗಟ್ಟಲೆ ತುಣುಕು. ಅವಳ ಬಾಯಿಗವಸಿನೊಳಗೆ ತುಟಿಗಳು ಸದಾ ಅಲ್ಲಾಡುತ್ತಿದ್ದವು. ಪ್ರಾರ್ಥನೆ ಮಾಡುತ್ತಿದ್ದಾಳೆ ಎಂದುಕೊಂಡ ಎಂಜಿನಿಯರನು ಗೌರವದಿಂದ ಎರಡು ಹೆಜ್ಜೆ ದೂರ ನಿಲ್ಲುತ್ತಿದ್ದ. ಯಂತ್ರ ತಯಾರಾದಾಗ ಪರೀಕ್ಷಿಸಿ ನೋಡಿದರು. ನೂರಕ್ಕೆ ಮೂರು ಕೆಂಪು, ಪ್ರತಿ ಸಲವೂ. ತೀರಾವಟ್ ಕುಣಿಯುವುದೊಂದು ಬಾಕಿ.

ಅಷ್ಟರಲ್ಲಿ ಸ್ಟೂಲುಗಳು ಐವತ್ತೈವತ್ತಾಗಿ ಖಾಲಿಯಾದವು.

ಕಂಪನಿಯ ಹೊರದೇಶದ ದೊರೆ ಯಂತ್ರ ನೋಡಲು ಬರುವ ದಿನ ಬೆಳಿಗ್ಗೆ ನೂಪಿನ್ ಗೇಟಿನ ಪಕ್ಕದ ಕಂಬದ ಮೇಲಿನ ಪುಟ್ಟ ಗುಡಿಗೆ ಹೋದಳು. ಆ ನೆಲದ ಒಡೆಯನಾದ ದೇವರು ಅದರಲ್ಲಿದ್ದ. ಅವನಿಗೆ ಕೆಂಪು ಶರಬತ್ತು ಇಷ್ಟ. ಶೀಶೆಯನ್ನಿಟ್ಟು, ಹೀರುವ ಕೊಳವೆ ಹಾಕಿ, ಕೈ ಮುಗಿದಳು. "ಇದೊಂದು ದಿನಾ ದಾಟಸಪ್ಪಾ. ನೂರು ಶೀಶೆ ತರತೀನಿ." ದೇವರ ಮುಂದೆಯೂ ಅವಳ ಬಾಯಿ ನೂರಕ್ಕೆ ಕಡಿಮೆ ಹೇಳದು.

"ಅಕ್ಕಾ, ನಳಿಗಿ ಶೀಶೆ ಹೊರಗ ಬಿದ್ದೈತಲ್ಲ" ಎಂದ ಕಾವಲುಗಾರ.

"ದೇವರಿಗಿ ನಳಿಗಿ ಯಾತಕ್ಕಲೇ? ಕಣ್ಣಲೇ ಕುಡೀತಾನ."

ಕಣ್ಣಿನ ಪರೀಕ್ಷೆಗೆಂದು ಕಾರ್ಖಾನೆಯ ಔಷಧದ ಕೋಣೆಯಲ್ಲಿ ಎಲ್ಲರೂ ಸೇರಿದ್ದರು. ತೀರಾವಟ್, ವಿರೋಟ್, ಫೋಟೊದವನು, ಬಿಳಿ ಕೋಟಿನ ನರ್ಸಮ್ಮ. ಬಾಗಿಲಿನ ತುಂಬ ನಿಂತ ಹೊರದೇಶದ ದೊರೆಗೆ ಅವರ ಭಾಷೆಯ ಒಂದು ಶಬ್ದವೂ ಬಾರದು. ಎಲ್ಲದಕ್ಕೂ ಹಲ್ಲು ತೋರಿಸುತ್ತಿದ್ದ.

"ಓದಿ ತೋರಿಸಿ ಅಕ್ಕ. ದೊರೆ ನೋಡಲಿ" ಎಂದ ತೀರಾವಟ್.

ನೂಪಿನ್ ನೆಲದ ಹಳದಿ ಗೆರೆಯ ಮೇಲೆ ಕಾಲಿಟ್ಟು, ಎದೆ ಸೆಟೆಸಿ, ಎದುರು ಗೋಡೆಯ ಕಡೆ ತಿರುಗಿದಳು. ಗಂಟಲು ಸರಿ ಮಾಡಿಕೊಂಡು ಶುರು ಮಾಡಿದಳು. "ನಾಕು. ಎರಡು, ಏಳು. ಒಂಬತ್ತು, ಮೂರು, ಆರು…" ಸಾಲಿನಿಂದ ಸಾಲಿಗೆ ಇಳಿದಳು, ಎಲ್ಲಿಯೂ ಎಡವಲಿಲ್ಲ. ಇರುವೆಗಾತ್ರದ ಕೊನೆಯ ಸಾಲಿನಲ್ಲಿ ನಿಂತು ದೊರೆಯ ಕಡೆ ನೋಡಿ, "ಅದರ ಕೆಳಗ ಅಚ್ಚು ಹಾಕಿದವನ ಹೆಸರು ಐತ್ರಿ. ಅದನ್ನೂ ಓದ್ಲೇನ್ರೀ?" ಎಂದಳು.

ನರ್ಸಮ್ಮ ಮೆಲ್ಲಗೆ ಹೇಳಿದಳು. "ಅಕ್ಕಾ… ಗೋಡೆಗೆ ಸುಣ್ಣ ಹೊಡೆಯೋಕೆ ಅಂತ ಅಂಕಿ ಪಟ್ಟಿ ನಿನ್ನೇನೇ ತೆಗೆದಿದೀವಿ. ಅದು ನನ್ನ ಕೈಯಲ್ಲಿದೆ."

ಎದುರಿಗೆ ಬರೀ ಬಿಳಿ ಗೋಡೆ. ನಾಲ್ಕು ಮೊಳೆಯ ತೂತು.

ದೊರೆ ಹುಬ್ಬು ಹಾರಿಸಿ ಏನೋ ಕೇಳಿದ. ತೀರಾವಟ್ ನೂಪಿನ್‌ಳ ತೋಳು ಹಿಡಿದು, ನಗುಮುಖ ಬಿಡದೆ ಹಲ್ಲಿನ ಸಂದಿನಿಂದ ಹೇಳಿದ. "ತಮಾಷೆ ಮಾಡಿದೆ ಅನ್ನು. ನೆನಪಿನ ಶಕ್ತಿ ತೋರಿಸಿದೆ ಅನ್ನು. ನಿನ್ನ ಜಾಗ ಗಟ್ಟಿ. ನಾನಿದೀನಿ."

ಒಂದೇ ಒಂದು ಸುಳ್ಳು. ಅವಳು ಹುಟ್ಟಿದಾಗಿನಿಂದ ಹೇಳಿದ ಸುಳ್ಳುಗಳನ್ನು ರಾಶಿ ಹಾಕಿದರೆ ಆ ಕಾರ್ಖಾನೆ ಮುಳುಗುತ್ತಿತ್ತು, ಅದರ ಮೇಲೆ ಇನ್ನೊಂದು ಹಿಡಿ. ಬಾಯಿ ತೆರೆದಳು. ತೆರೆದ ಬಾಯಲ್ಲಿ ಬಂದದ್ದು ತೊಂಗ್ಬೈಯ ಹೆಸರು.

"ತೊಂಗ್ಬೈ ಖರೇ ಹೇಳಿದ್ಲು ಸಾರ್. ಏಳರಾಗೂ ಗೀರು ಇದ್ದವು. ಆಕೀಗಿ ಕಾಣ್ತಿತ್ತು, ಹೊರಗ ಹಾಕಿದ್ರಿ. ನಂಗ ಕಾಣ್ತಿರಲಿಲ್ಲ, ಮಾಲಿ ಹಾಕಿದ್ರಿ. ಎಡಗಣ್ಣು ಹೋಗಿ ಮೂರು ವರ್ಷ ಆತು. ಬಲಗಣ್ಣಿನ್ಯಾಗ ಬರೇ ಮಂಜು. ತುಣುಕು ಇರ್ಲಿ, ತುಣುಕಿನ ತಾಟು ಕಾಣಂಗಿಲ್ಲ."

"ಮತ್ತೆ ಯಂತ್ರಕ್ಕೆ?" ವಿರೋಟ್‌ನ ದನಿ ಹೆಣ್ಣಿನ ದನಿಯಾಗಿತ್ತು.

"ಎಣಿಸಿದೆ. ಮೂವತ್ತೆರಡು ಹಸಿರು, ಒಂದು ಕೆಂಪು. ಮೂವತ್ತೆರಡು ಹಸಿರು, ಒಂದು ಕೆಂಪು. ಆಗಾಗ ಒಂದು ಹಸಿರು ಹೆಚ್ಚಿಗಿ. ನೂರಕ್ಕ ಮೂರು. ನೀವಾ ಹೇಳಿದ್ದಿರಲ್ಲ ಸಾರ್, ಮೂರು ಅಂದ್ರ ಮೂರು. ನನ್ನ ಕೂಸು ಅದನ್ನಾ ಕಲ್ತೈತಿ."

ದೊರೆ ಮತ್ತೆ ಕೇಳಿದ. ಅವಳು ಅವನ ಕಡೆಗೇ ತಿರುಗಿ, ಕಿವುಡನಿಗೆ ಹೇಳುವ ಹಾಗೆ ಗಂಟಲು ಹರಿಯುವಂತೆ ಕೂಗಿದಳು. "ನಿನ್ನ ಯಂತ್ರಕ್ಕ ಕಣ್ಣಿಲ್ಲೋ ಎಪ್ಪಾ! ನಾ ಕುರುಡಿ! ಅದೂ ಕುರುಡು!"

ತೀರಾವಟ್ ದೊರೆಯ ಭಾಷೆಯಲ್ಲಿ ಎರಡು ಮಾತು ಹೇಳಿದ. ದೊರೆಯ ಮುಖ ಅರಳಿತು. ಮುಂದೆ ಬಂದು ಅವಳ ಎರಡೂ ಕೈ ಹಿಡಿದು ಕುಲುಕಿದ. ಫೋಟೊದವನು ಚಿತ್ರ ತೆಗೆದ. ಎಲ್ಲರೂ ಯಂತ್ರದ ಕೋಣೆಯ ಕಡೆಗೆ ಹೊರಟರು.

"ಏನಂದ್ರು ಅವರಿಗಿ?" ಎಂದು ಅವಳು ಕೇಳಿದಳು.

ನರ್ಸಮ್ಮ ಕೈಯಲ್ಲಿದ್ದ ಪಟ್ಟಿಯನ್ನು ಸುರುಳಿ ಸುತ್ತಿ ಮೇಜಿನ ಮೇಲಿಟ್ಟಳು. ಆಮೇಲೆ, "'ಕಂಪನಿ ನನಗೆ ತಾಯಿ ಇದ್ದ ಹಾಗೆ ಅಂತ ಅಳ್ತಿದಾಳೆ' ಅಂದ್ರು" ಎಂದಳು.

ವಿರೋಟ್ ಹಿಂದೆ ಉಳಿದಿದ್ದ. ಕಪಾಟಿನಿಂದ ಅಚ್ಚಾದ ಹಾಳೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟ. ತೊಂಗ್ಬೈ ರುಜು ಹಾಕಿದ್ದ ಹಾಳೆಯಂಥದೇ. ಈ ಸಲ ಬೈಯಲಿಲ್ಲ. ಅವಳ ಬೆರಳುಗಳ ನಡುವೆ ಪೆನ್ನು ಸಿಕ್ಕಿಸಿದ.

ಹೊರಗೆ ಯಂತ್ರಗಳು ಓಡತೊಡಗಿದ್ದವು. ಸಣ್ಣ ಟಕ್ ಟಕ್ ಸದ್ದು, ಯಾರೋ ಗುಂಡಿ ಒತ್ತಿದ ಹಾಗೆ. ಅವಳ ತುಟಿ ತಾನಾಗಿ ಅಲ್ಲಾಡಿತು. ಮೂವತ್ತರವರೆಗೆ ಎಣಿಸಿ ನಿಲ್ಲಿಸಿದಳು.

ಹಾಳೆಯ ಮೇಲೆ ಪೆನ್ನು ಅತ್ತಿತ್ತ ತಡವರಿಸಿತು.

"ಗೆರಿ ಎಲ್ಲೈತಿ, ಅಲ್ಲಿ ನನ್ನ ಕೈ ಇಡವಾ" ಎಂದಳು ನರ್ಸಮ್ಮನಿಗೆ. "ನಂಗ ಕಾಣಂಗಿಲ್ಲ."