ಮೂವತ್ತೊಂದರಲ್ಲಿ ನಿಂತ ಪಟ್ಟಿ

ಬಾಯಲ್ಲಿ ಹೇಳುವ ಧೈರ್ಯವಿಲ್ಲದ್ದನ್ನು ಯಂತ್ರದ ಕೈಲಿ ಹೇಳಿಸುವುದು ನಮ್ಮ ಮ್ಯಾನೇಜರರ ಜಾಣತನ. ಆಸ್ಪತ್ರೆಯ ಕಡತ ವಿಭಾಗದ ಅರವತ್ತೊಂದು ಜನರನ್ನು ಕೆಲಸದಿಂದ ತೆಗೆಯಬೇಕಿತ್ತು. ಹತ್ತು ಗಂಟೆಗೆ ಯಾರ ಕಂಪ್ಯೂಟರ್ ತೆರೆಯುವುದಿಲ್ಲವೋ ಅವರು ಕೆಳಗಿನ ಸಭಾಂಗಣಕ್ಕೆ ಬರಬೇಕು, ಉಳಿದವರು ಕೆಲಸ ಮುಂದುವರಿಸಬಹುದು ಎಂದು ಗೋಡೆಗೆ ಚೀಟಿ ಅಂಟಿಸಿ ಅವರು ಕೈ ತೊಳೆದುಕೊಂಡರು. ತೆರೆಯದಂತೆ ಮಾಡುವ ಕೆಲಸ ನನ್ನದು.

ಇಲ್ಲಿ ಪ್ರತಿಯೊಬ್ಬರಿಗೂ ಡೈರೆಕ್ಟರಿಯಲ್ಲಿ ಒಂದು ನಮೂದು ಇದೆ. ಹೆಸರು, ವಿಭಾಗ, ಕೋಣೆ, ಫೋನ್ ಸಂಖ್ಯೆ, ಸ್ಥಿತಿ. ಸ್ಥಿತಿ ‘ಚಾಲ್ತಿ’ ಎಂದಿದ್ದರೆ ಕಂಪ್ಯೂಟರೂ ತೆರೆಯುತ್ತದೆ, ಕಾರ್ಡ್ ತೋರಿಸಿದರೆ ವಿಭಾಗದ ಬಾಗಿಲೂ ತೆರೆಯುತ್ತದೆ. ‘ಮುಚ್ಚಿದೆ’ ಎಂದಾದರೆ ಎರಡೂ ಇಲ್ಲ. ಹಿಂದಿನ ದಿನವಷ್ಟೇ ಕಡತ ವಿಭಾಗಕ್ಕೆ ಹೊಸ ನಮೂದೊಂದನ್ನು ಸೇರಿಸಿದ್ದೆ, ಕಾಗದ ಸ್ಕ್ಯಾನ್ ಮಾಡುವ ಯಂತ್ರದ್ದು. ಅದಕ್ಕೆ ಕಿಟಕಿ ಇರುವ ಕೋಣೆಯನ್ನೇ ಕೊಟ್ಟಿದ್ದರು.

ಅರವತ್ತೊಂದು ಬದಲಾವಣೆಗಳನ್ನು ಒಂದೇ ಫೈಲಿನಲ್ಲಿ ಬರೆದೆ. ಒಬ್ಬರದು ಮುಗಿದ ಮೇಲೆ ಒಂದು ಖಾಲಿ ಸಾಲು, ಆಮೇಲೆ ಇನ್ನೊಬ್ಬರದು. ಆ ಸಾಲಿಲ್ಲದಿದ್ದರೆ ಇಬ್ಬರದೂ ಕಲಸಿಹೋಗಿ ಕಂಪ್ಯೂಟರ್ ಅದನ್ನು ತಪ್ಪು ಎನ್ನುತ್ತದೆ. ನಲವತ್ತೆಂಟನೆಯವಳು ನನ್ನ ಅಕ್ಕ. ಇಪ್ಪತ್ತೆರಡು ವರ್ಷ ಅಲ್ಲೇ ದುಡಿದವಳು. ಭಾವ ಹಾಸಿಗೆ ಹಿಡಿದ ಮೇಲೆ ಮನೆ ನಿಂತಿರುವುದೇ ಅವಳ ಕೆಲಸದ ಮೇಲೆ. ಪಟ್ಟಿಯ ವಿಷಯ ಬಾಯಿಬಿಟ್ಟರೆ ನನ್ನ ಕೆಲಸವೂ ಹೋಗುತ್ತದೆ ಎಂದು ಮೊದಲೇ ಬರೆಸಿಕೊಂಡಿದ್ದರು. ಬಾಯಿಬಿಡಲಿಲ್ಲ. ಅವಳ ಹೆಸರು ಬರೆಯುವಾಗ ದುಃಖವಾಗಲಿಲ್ಲ. ಏನೂ ಆಗಲಿಲ್ಲ. ಬೆರಳುಗಳು ಬೇರೆ ಯಾರದ್ದೋ ಅನ್ನಿಸಿತು, ಅಷ್ಟೇ.

ಇಂಥ ಫೈಲನ್ನು ಯಾವಾಗಲೂ ಮೊದಲು ಪರೀಕ್ಷೆಗೆಂದು, ಏನೂ ಬದಲಾಗದ ಹಾಗೆ, ಒಮ್ಮೆ ಓಡಿಸಿ ನೋಡುತ್ತೇನೆ. ಅಂದು ನೋಡಲಿಲ್ಲ. ಅವಳ ಹೆಸರು ಪರದೆಯ ಮೇಲೆ ಹಾದುಹೋಗುವುದನ್ನು ಎರಡು ಸಲ ನೋಡುವುದಿರಲಿ, ಒಂದು ಸಲವೂ ನನಗೆ ಬೇಡವಾಗಿತ್ತು. ಹತ್ತಕ್ಕೆ ಸರಿಯಾಗಿ ಕಮಾಂಡ್ ಕೊಟ್ಟು ಎದ್ದು ಹೊರಗೆ ಹೋದೆ.

ವಾಪಸು ಬಂದಾಗ ಮೇಜಿನ ಫೋನ್ ಬಡಿದುಕೊಳ್ಳುತ್ತಿತ್ತು.

“ಲೋ ಗುಂಡಾ, ನಂದು ತೆರೀತು ಕಣೋ!”

ಕಡ್ಡಿಯಂತಿರುವ ನನ್ನನ್ನು ಗುಂಡ ಎಂದು ಕರೆಯುವವಳು ಅಕ್ಕ ಒಬ್ಬಳೇ.

“ಹತ್ತೂಕಾಲಾಯ್ತು, ಇನ್ನೂ ತೆರೆದೇ ಇದೆ. ಹೊಟ್ಟೆಗೆ ಹಾಲು ಹುಯ್ದ ಹಾಗಾಯ್ತು ನೋಡು. ನಿಮ್ ಭಾವಂಗೂ ಫೋನ್ ಮಾಡಿ ಹೇಳ್ಬಿಟ್ಟೆ. ಪಕ್ಕದ ಮೇಜಿನವಳದ್ದು ಹೋಯ್ತು, ಪಾಪ. ಎಲ್ಲಾ ಸರಿಹೋಗತ್ತೆ ಸುಮ್ನಿರು ಅಂತ ಸಮಾಧಾನ ಮಾಡಿ ಕಳಿಸ್ದೆ.” ದನಿ ತಗ್ಗಿಸಿದಳು. “ನೀನೇ ಏನೋ ಮಾಡಿದೀಯ, ಅಲ್ವಾ? ಹೇಳ್ಬೇಡ. ಫೋನಲ್ಲಿ ಬೇಡ.”

ಪರದೆ ನೋಡಿದೆ. ಮೂವತ್ತು ಜನರದು ಮುಗಿದಿತ್ತು. ಮೂವತ್ತೊಂದಕ್ಕೂ ಮೂವತ್ತೆರಡಕ್ಕೂ ನಡುವೆ ಖಾಲಿ ಸಾಲು ಬಿಡಲು ಮರೆತಿದ್ದೆ. ಮೊದಲ ತಪ್ಪು ಸಿಕ್ಕಲ್ಲಿಗೆ ಕಮಾಂಡ್ ನಿಂತುಬಿಡುತ್ತದೆ, ಅದರಾಚೆಗಿನವರನ್ನು ಮುಟ್ಟುವುದಿಲ್ಲ.

ಅಕ್ಕನೊಬ್ಬಳನ್ನು ಬಿಟ್ಟು ಮಿಕ್ಕವರನ್ನು ಮುಚ್ಚಬಹುದಿತ್ತು. ಆದರೆ ಹನ್ನೊಂದಕ್ಕೆ ಮ್ಯಾನೇಜರರು ಸಭಾಂಗಣದಲ್ಲಿ ತಲೆ ಎಣಿಸುತ್ತಾರೆ. ಒಂದು ಕಡಿಮೆ ಬಂದರೆ ಅವಳ ಜೊತೆ ನಾನೂ ಬೀದಿಗೆ, ಆಮೇಲೆ ಭಾವನನ್ನು ನೋಡುವವರು ಯಾರು? ಹೀಗೆಲ್ಲ ಯೋಚಿಸಿದೆ ಎಂದು ಈಗ ಹೇಳಿಕೊಳ್ಳುತ್ತೇನೆ. ನಿಜ ಹೇಳಬೇಕೆಂದರೆ ಆಗ ನನ್ನ ತಲೆಯಲ್ಲಿ ಇದ್ದದ್ದು ಆ ಖಾಲಿ ಸಾಲು ಮಾತ್ರ.

ಸಾಲು ಸೇರಿಸಿದೆ. ಮುಗಿದ ಮೂವತ್ತನ್ನು ಫೈಲಿನಿಂದ ತೆಗೆದೆ. ಅಕ್ಕ ಮಾತಾಡುತ್ತಲೇ ಇದ್ದಳು. ಕಮಾಂಡ್ ಕೊಟ್ಟೆ. ಈ ಸಲ ನೋಡುತ್ತ ಕೂತೆ. ಅವಳ ಹೆಸರೂ ಎಲ್ಲರ ಹೆಸರಿನಷ್ಟೇ ಬೇಗ ಹಾದುಹೋಯಿತು.

“ಏ, ತಾಳು ತಾಳು. ಸ್ಕ್ರೀನ್ ಹೋಯ್ತು. ನಿನ್ ಕಡೆ ಏನಾದ್ರೂ ತಪ್ಪಾಯ್ತಾ?”

“ತಪ್ಪು ಮೊದ್ಲು ಆಗಿತ್ತಕ್ಕ. ಈಗ ಸರಿಯಾಯ್ತು.”

ಅವಳು ಕುರ್ಚಿ ಹಿಂದಕ್ಕೆ ಸರಿಸಿದ ಸದ್ದು ಕೇಳಿಸಿತು.

“ಹಾಗಾದ್ರೆ ನಾನೂ ಕೆಳಗೆ ಹೋಗ್ಬೇಕಾ?”

“ಹೂಂ.”

“ಊಟದ ಡಬ್ಬಿ ಇಲ್ಲೇ ಇರ್ಲಾ? ಆಮೇಲೆ ಬಂದು ತಗೊಳ್ಲಾ?”

“ತಗೊಂಡೇ ಹೋಗಕ್ಕ,” ಎಂದೆ. “ಆಮೇಲೆ ಬಂದ್ರೆ ನಿಂಗೆ ಬಾಗ್ಲು ತೆರೆಯಲ್ಲ.”